ಶನಿವಾರದ ಮಂಡಿ

ಸೋಮವಾರ, ಜೂನ್ 2

ಹೋಟೆಲಿಗೆ ರಜೆ. ಫ್ರಿಜ್‌ನಿಂದ ಫ್ಯಾಕ್ಟರ್ ತೆಗೆದೆ — ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು, ನನಗೆ ಹುಟ್ಟಿನಿಂದಲೇ ಇಲ್ಲ. ವಾರಕ್ಕೆ ಎರಡು ಬಾಟಲಿ. ಗುರುವಾರದ್ದನ್ನೂ ಇವತ್ತೇ ಚುಚ್ಚಿಕೊಂಡೆ. ಹೋಟೆಲ್ ನಡೆಸುವ ಐತಪ್ಪ ಮಾವನ ಪದ್ಧತಿ ಅದು. ಕೆಲಸದ ದಿನ ಸೂಜಿ, ಹತ್ತಿ ಅಂತ ರಗಳೆ ಬೇಡ, ರಜೆಯಲ್ಲೇ ಎಲ್ಲ ಮುಗಿಯಲಿ.

ಶನಿವಾರ, ಜೂನ್ 7

ಮತ್ತೆ ಮಂಡಿ ಊದಿದೆ. ಒಳಗೆ ರಕ್ತ. ಶನಿವಾರ ಬಂತೆಂದರೆ ಇದೇ ಗೋಳು. ಅಣ್ಣಾ ನಗರ್ ಇಡೀ ದೋಸೆ ತಿನ್ನಲು ಬಂದ ಹಾಗಿತ್ತು, ನಾನು ಕಾವಲಿಯ ಮುಂದೆ ಒಂಟಿ ಕಾಲಲ್ಲಿ. ಮಾವ ನೋಡಿಬಿಟ್ಟರು.

"ಸಾಕು ಮಾರಾಯ. ಡಾಕ್ಟ್ರಿಗೆ ತೋರ್ಸು. ಆಮೇಲೆ ಕ್ಯಾಷಲ್ಲಿ ಕೂತ್ಕೊ."

ದೋಸೆಯ ಅಂಚು ಕೆಂಪಾಗುವುದನ್ನು ಬಿಟ್ಟು ಬಿಲ್ಲು ಹರಿಯುವುದೇ... ಅಳು ಬಂತು.

ಗುರುವಾರ, ಜೂನ್ 19

ಡಾ. ವೆಂಕಟಲಕ್ಷ್ಮಿ — ಪೆರಂಬೂರಿನವರು, ಆದರೂ ನನ್ನ ಜೊತೆ ಕನ್ನಡದಲ್ಲೇ ಮಾತು. ಹೋದ ವಾರ ಸೋಮವಾರದ ಇಂಜೆಕ್ಷನ್ ಆದಮೇಲೆ ದಿನಾ ರಕ್ತ ತೆಗೆದು ನೋಡಿದ್ದರು. ಗುರುವಾರಕ್ಕೆಲ್ಲ ಫ್ಯಾಕ್ಟರ್ ಹೆಚ್ಚುಕಡಿಮೆ ಖಾಲಿ.

"ಇನ್ನೊಂದು ಪ್ರೋಟೀನ್ ಕೈ ಹಿಡ್ಕೊಂಡೇ ಇದು ಓಡಾಡೋದು ಪಾ. ಲಿವರ್ ಎರಡನ್ನೂ ಹಿಡಿದು ಕ್ಲೀನ್ ಮಾಡತ್ತೆ. ಓ ಬ್ಲಡ್ ಗ್ರೂಪ್‌ನವರಲ್ಲಿ ಸಾಮಾನ್ಯವಾಗಿ ಇನ್ನೂ ಬೇಗ. ನಿಮ್ಮದು ಓ. ಒಂದೇ ದಿನ ಎರಡು ಹಾಕಿದ್ರೂ ವಾರ ಪೂರ್ತಿ ಬರಲ್ಲ."

"ಲಿವರಿಗೆ ಯಾಕೆ ಮೇಡಂ ಇಷ್ಟು ಅವಸರ?"

"ಫ್ಯಾಕ್ಟರ್ ಕೂಡ್ತಾ ಹೋದ್ರೆ ರಕ್ತನಾಳದೊಳಗೇ ರಕ್ತ ಗಟ್ಟೋ ಭಯ. ಲಿವರ್ ಶತ್ರು ಅಲ್ಲಪಾ."

ಮೆಟ್ರೋದಲ್ಲಿ ಅದನ್ನೇ ಯೋಚಿಸಿದೆ. ಬೆಳಗಿನ ಕಾಯಿಚಟ್ನಿ ಎಷ್ಟೇ ಉಳಿದಿರಲಿ, ಮಧ್ಯಾಹ್ನಕ್ಕೆ ಚೆಲ್ಲಿಸುವವರು ಮಾವ. ಅಂಥವರೇ ಒಬ್ಬರು ನನ್ನ ಹೊಟ್ಟೆಯಲ್ಲೂ ಇದ್ದಾರೆ. ಸಂಬಳವಿಲ್ಲ, ಸೋಮವಾರದ ರಜೆಯೂ ಇಲ್ಲ. ಎಂಥ ನಿಯತ್ತು! ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಸಂಜೆ ಮಾವನಿಗೆ ಚಟ್ನಿಯ ಲೆಕ್ಕದಲ್ಲೇ ಹೇಳಿದೆ. ಸೌಟು ಕೆಳಗಿಟ್ಟು ಕೇಳಿದರು.

"ಹಾಗಾದ್ರೆ ತಪ್ಪು ನಂದು. ನಮ್ಮ ರಜೆಗೂ ಲಿವರಿಗೂ ಎಂತ ಸಂಬಂಧ?" ಸೌಟು ಮತ್ತೆ ಕೈಗೆತ್ತಿಕೊಂಡು, "ಒಂದು ಶನಿವಾರ ನೋಡುವ. ಊದಿದ್ರೆ ಕ್ಯಾಷೇ."

ಶನಿವಾರ, ಜುಲೈ 5, ಮಧ್ಯಾಹ್ನ

ಡಾಕ್ಟರ್ ಡೋಸನ್ನು ವಾರವಿಡೀ ಹಂಚಿಕೊಟ್ಟಿದ್ದಾರೆ. ಇವತ್ತಿನದು ಬೆಳಿಗ್ಗೆಯೇ ಆಯಿತು. ಹತ್ತಿ ಒತ್ತಿ ಹಿಡಿದದ್ದು ಮಾವ! ಕಾವಲಿಗೆ ವಾಪಸ್. ಊಟದ ಗಲಾಟೆ ಮುಗಿಯಿತು. ಮಂಡಿ ಮುಟ್ಟಿ ನೋಡಿದೆ. ತಣ್ಣಗಿದೆ. ಗಾತ್ರವೂ ಇನ್ನೊಂದು ಮಂಡಿಯಷ್ಟೇ ಇದೆ.

ಕ್ಯಾಷಲ್ಲಿ ಮಾವನೇ ಕೂತಿದ್ದಾರೆ. ಕನ್ನಡಕದ ಮೇಲಿಂದ ನನ್ನ ಕಾಲನ್ನೇ ನೋಡಿದರು. ಈಗ ಕೂಗುತ್ತಿದ್ದಾರೆ —

"ಚರಣಾ, ಬರೆದದ್ದು ಸಾಕು. ಎರಡು ರೋಸ್ಟ್ ದೋಸೆ ಹಾಕು."

ಬಂದೆ. ಲಿವರಣ್ಣಾ, ಸಂಜೆಯವರೆಗೆ ಸ್ವಲ್ಪ ನಿಧಾನವಾಗಿ ಕ್ಲೀನ್ ಮಾಡು.