ಕಡ್ಡಿ ತೂರುವಷ್ಟು ತೂತು

ಮನೆಯಿಂದ,
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಚಿಕ್ಕಮ್ಮನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಎಣ್ಣೆ ಹಚ್ಚುತ್ತಿದ್ದೇನೆ ಎಂದು ನೀನು ಹೇಳುವುದನ್ನು ನಾನು ನಂಬುವುದಿಲ್ಲ, ಶೀಶೆ ಇಲ್ಲೇ ಕಪಾಟಿನಲ್ಲಿದೆ. ಚಿಕ್ಕಮ್ಮನ ಕಾಲಿನ ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಯಿತಂತೆ, ಈಗ ಅವಳೇ ಮಾರುಕಟ್ಟೆಗೆ ಹೋಗಿ ಚೀಲ ಹೊತ್ತು ತರುತ್ತಾಳಂತೆ. ಮೊನ್ನೆ ಫೋನಿನಲ್ಲಿ ಪಾಪ ಬಾಯಿ ತಪ್ಪಿ ಹೇಳಿಬಿಟ್ಟಳು, ಅವಳನ್ನು ಬೈಯಬೇಡ. ಅವಳ ಕಾಲು ನೋಡಿಕೊಳ್ಳಲು ನೀನು ಅಲ್ಲಿ ಇರಲೇಬೇಕು ಎಂದು ಇಲ್ಲಿ ನಾವೆಲ್ಲರೂ ಒಪ್ಪಿಕೊಂಡಿದ್ದೇವೆ, ಆ ವಿಷಯ ನಾನು ಎತ್ತುವುದಿಲ್ಲ. ಫೋನ್ ಮಾಡಿದರೆ ನೀನು ಎಲ್ಲ ಚೆನ್ನಾಗಿದೆ ಎಂದು ಹೇಳಿ ಅದನ್ನು ಅವಳ ಕೈಗೆ ದಾಟಿಸುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಆರಾಮಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ನಿಜ ಹೇಳಬೇಕೆಂದರೆ ಸುಸ್ತಾಗಿದೆ, ಅಮ್ಮಾ. ದಿನವಿಡೀ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು, ಕಂಡವರ ಬಾಯೊಳಗೆ ದೀಪ ಹಿಡಿದು, ಕಾಲೆಳೆದುಕೊಂಡು ಮನೆಗೆ ಬಂದರೆ ಅಪ್ಪ ಉಜ್ಜಿದ ಧೂಳು ಬಾಗಿಲಲ್ಲೇ ಎದುರುಗೊಳ್ಳುತ್ತದೆ. ಕುರ್ಚಿಯ ಮೇಲೆ ಧೂಳು, ಗಡಿಯಾರದ ಮೇಲೆ ಧೂಳು, ಹಾಲಿಗೆ ಮುಚ್ಚಿದ ತಟ್ಟೆಯ ಮೇಲೂ ಧೂಳು. ಈ ವಾರವಂತೂ ಅಪ್ಪ ಬೀದಿ ಕಡೆಯ ಕೋಣೆಗೆ ಚಿಲಕ ಹಾಕಿಕೊಂಡು ಬೆಳಗಾದರೆ ಕರಕರ ಉಜ್ಜಲು ಶುರು ಮಾಡುತ್ತಾನೆ. ಏನು ಮಾಡುತ್ತಿದ್ದೀಯ ಎಂದರೆ ಉಜ್ಜುವ ಸದ್ದು ಇನ್ನೂ ಜೋರಾಗುತ್ತದೆ. ಊಟಕ್ಕೆ ಕರೆದರೆ ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದು, ತಟ್ಟೆ ನೋಡಿಕೊಂಡು ತಿಂದು, ಮತ್ತೆ ಒಳಗೆ ಸೇರಿಕೊಳ್ಳುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ನಲವತ್ತು ದಾಟಿದ ಈ ಕೂಸು ನಿಜಕ್ಕೂ ಬಡವಾಗಿದೆ. ಕ್ಲಿನಿಕ್ಕಿನ ಸಮವಸ್ತ್ರದ ಸೊಂಟಕ್ಕೆ ಪಿನ್ನು ಹಾಕಿಕೊಂಡು ಹೋಗುತ್ತಿದ್ದೇನೆ. ಅಷ್ಟರ ಮಟ್ಟಿಗೆ ನಿಮ್ಮಿಬ್ಬರಿಗೂ ನಾನು ಋಣಿ.

ಇನ್ನು ಸುದ್ದಿ. ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಸೇರಿಸಿ ಹೇಳುತ್ತೇನೆ, ಏಕೆಂದರೆ ಅಪ್ಪನ ರಾಕೆಟ್ಟಿನ ಮಾತು ಬಂದಾಗಲೆಲ್ಲ ನೀನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನೀವಿಬ್ಬರೂ ಜಜ್ಜಿದ ಕಾರುಗಳನ್ನು ನೆಟ್ಟಗೆ ಮಾಡುತ್ತಲೇ ಆಯುಷ್ಯ ಕಳೆದವರು. ತಗಡು ಬಡಿಯುವುದು ಅಪ್ಪ, ತಗ್ಗು ತೂತುಗಳಿಗೆ ಪುಟ್ಟಿ ತುಂಬಿ, ಅದು ಗಟ್ಟಿಯಾದ ಮೇಲೆ ನುಣ್ಣಗೆ ಉಜ್ಜುವುದು ನೀನು, ಕೊನೆಯ ಬಣ್ಣ ಮತ್ತೆ ಅಪ್ಪ. ತೂತು ಬಿಟ್ಟು ಗಾಡಿಯನ್ನು ಶೆಡ್ಡಿನಿಂದ ಹೊರಗೆ ಕಳಿಸಬಾರದು ಎನ್ನುವುದು ನೀನು ಮಾಡಿದ ಕಾನೂನು. ಇವಳ ಕೈಗೆ ಜರಡಿ ಕೊಡಬೇಡಿ, ಅದಕ್ಕೂ ಪುಟ್ಟಿ ಮೆತ್ತುತ್ತಾಳೆ ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಶೆಡ್ಡು ಮುಚ್ಚಿದ ಮೇಲೆ ಮನುಷ್ಯನಿಗೆ ಕೈ ಕಟ್ಟಿ ಹಾಕಿದಂತಾಗಿತ್ತು. ಆಗಲೇ ಗಣಿತದ ಮೇಡಂ ತಮ್ಮ ವ್ಯಾನಿನ ಬಾಗಿಲು ಗೀಚಿಹೋಗಿದೆ ಎಂದು ಬಂದರು, ಹಿಂದಿನ ಸೀಟಿನಲ್ಲಿ, ಹವ್ಯಾಸಕ್ಕೆ ರಾಕೆಟ್ಟು ಕಟ್ಟಿ ಹಾರಿಸುವ ಅವರ ಸಂಘದ ರಾಕೆಟ್ಟು ಮಲಗಿತ್ತು, ಅದರ ಬಣ್ಣ ಇಳಿದು ಹನಿಗಟ್ಟಿತ್ತು. ಇಂಥ ಮೈಗೆ ಇಂಥ ಬಣ್ಣವೇ ಎಂದು ಅಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಮುಂದಿನ ತಿಂಗಳು ತಾನೇ ಸಂಘ ಸೇರಿ, ಕೊಳವೆ, ರೆಕ್ಕೆ, ಮೂತಿ ಎಲ್ಲ ತಂದು ಬೀದಿ ಕೋಣೆಯಲ್ಲಿ ಹರಡಿಕೊಂಡ. ಮೊದಮೊದಲು ನೀನೂ ನಗುತ್ತಲೇ ಚಹಾ ಕೊಡುತ್ತಿದ್ದೆ.

ಕಟ್ಟಿದ್ದು ಸಾಧಾರಣ ರಾಕೆಟ್ಟಲ್ಲ, ಹೈಬ್ರಿಡ್ ಮೋಟಾರಿನದು. ಮೇಡಂ ನನಗೆ ಬಿಡಿಸಿ ಹೇಳಿದರು. ಬೇರೆ ರಾಕೆಟ್ಟುಗಳಲ್ಲಿ ಮದ್ದು ಮೊದಲೇ ತುಂಬಿರುತ್ತದೆ, ಪಟಾಕಿಯ ಹಾಗೆ. ಇದರಲ್ಲಿ ಉರಿಯುವುದು ಒಂದು ದಪ್ಪ ಪ್ಲಾಸ್ಟಿಕ್ ಕೊಳವೆ, ಅದನ್ನು ಉರಿಸುವ ಅನಿಲ ಬೇರೆ ಸಿಲಿಂಡರಿನಲ್ಲಿರುತ್ತದೆ. ರಾಕೆಟ್ಟನ್ನು ನಿಲ್ಲಿಸಿದ ಮೇಲೆ ದೂರದಲ್ಲಿ ನಿಂತು ಪೈಪಿನಿಂದ ತುಂಬಬೇಕು. ಬೇರೆ ಬೇರೆ ಇಟ್ಟರೆ ಎರಡೂ ತಣ್ಣಗೆ ಇರುತ್ತವೆ, ಸೇರಿಸಿದಾಗಲೇ ಬೆಂಕಿ ಎಂದರು. ನಮ್ಮ ಮನೆಗೆ ಇದು ಹೊಸ ವಿಷಯವಲ್ಲ ಮೇಡಂ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆ ಅನಿಲ ಯಾವುದು ಗೊತ್ತೇ? ನಮ್ಮ ಕ್ಲಿನಿಕ್ಕಿನಲ್ಲಿ ಹೆದರುವ ಮಕ್ಕಳ ಮೂಗಿಗೆ ಹಿಡಿಯುವ ನಗೆ ಅನಿಲವೇ. ದಿನವೆಲ್ಲ ಅದನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ನನಗೆ ಈಚೆಗೆ ಒಂದು ನಗೆಯೂ ಬರುತ್ತಿಲ್ಲ ಎನ್ನುವುದು ಬೇರೆ ಮಾತು.

ನೀನು ಯಾಕೆ ಹೋದೆ ಎನ್ನುವುದು ನನಗೆ ಗೊತ್ತು. ರಾಕೆಟ್ಟು ಕೋಣೆ ನುಂಗಿತು, ಅದಕ್ಕೇ ಹೋದಳು ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ. ಕೋಣೆ ಹಾಳಾಗಲಿ, ನೀನು ಶೆಡ್ಡಿನಲ್ಲಿ ಬಾನೆಟ್ಟಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದವಳು. ಅಪ್ಪ ಆ ರಾಕೆಟ್ಟಿನ ಪುಟ್ಟಿಯನ್ನೂ ತಾನೇ ತುಂಬಿದ. ಒಂದು ತಗಡಿನ ಚೂರು ಹಿಡಿದು ರೆಕ್ಕೆಗಳ ಸಂದಿಗೆ ಮೆತ್ತಿದ, ಎಲ್ಲ ಗಂಟುಗಂಟಾಯಿತು. ನೀನು ಪುಟ್ಟಿ ಮೆತ್ತುವ ನಿನ್ನ ಅಗಲದ ಬ್ಲೇಡನ್ನು ಸೆರಗಿನಲ್ಲಿ ಒರೆಸಿಕೊಂಡು ಬಾಗಿಲಲ್ಲಿ ನಿಂತು, ಉಜ್ಜುವುದನ್ನಾದರೂ ನನಗೆ ಬಿಡಿ ಎಂದು ಕೇಳಿದೆ. ತಲೆಯೆತ್ತದೆ ಅವನು ಹೇಳಿದ್ದು ನಾನೂ ಕೇಳಿದೆ: "ಇದು ಕಾರಲ್ಲ ಕಣೇ, ನಿನಗೆ ತಿಳಿಯಲ್ಲ." ಆ ಮಾತು ನನಗೇ ಚುಚ್ಚಿತು, ನಿನಗೆ ಹೇಗಾಗಿರಬೇಡ. ನೀನು ಹಿತ್ತಲಿಗೆ ಹೋಗಿ ಬ್ಲೇಡನ್ನು ಮೊಳೆಗೆ ನೇತುಹಾಕಿದೆ. ಅದೇ ವಾರ ಚಿಕ್ಕಮ್ಮನ ಕಾಲು ನೆನಪಾಯಿತು. ನೀನು ಹೋದ ಮೇಲೆ ನಾನು ಹಿತ್ತಲ ಗೋಡೆ ನೋಡಿದೆ, ಬ್ಲೇಡು ನೇತುಹಾಕುವ ಮೊಳೆ ಖಾಲಿ ಇತ್ತು. ಸೀರೆ ಎರಡೇ ಒಯ್ದಿದ್ದೀಯ, ಬ್ಲೇಡು ಒಯ್ದಿದ್ದೀಯ. ಇನ್ನು ನೀನು ವಾಪಸು ಬರುವುದಿಲ್ಲವೇನೋ ಎಂದು ಆಗ ನನಗೆ ಭಯವಾಯಿತು, ಅಮ್ಮಾ.

ಹೋದ ಭಾನುವಾರ ರಾಕೆಟ್ಟು ಹಾರಿಸುವ ದಿನ. ನಮ್ಮ ವ್ಯಾನು ಓಡಿಸಲು ನಾನೇ ಹೋಗಬೇಕಾಯಿತು, ವಾರಕ್ಕೊಂದು ರಜೆ ಅದಕ್ಕೇ ಖರ್ಚು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ರಾಕೆಟ್ಟು ಕೆಂಪಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಯಲಿನ ನಡುವೆ ಅದನ್ನು ಕಂಬಿಗೆ ಸಿಕ್ಕಿಸಿ, ಪೈಪು ಜೋಡಿಸಿ, ನಾವೆಲ್ಲ ದೂರ ಹೋಗಿ ನಿಂತೆವು. ಈ ಮೋಟಾರಿನ ಟ್ಯಾಂಕು ತುಂಬಿತೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡುವ ಹಾಗಿಲ್ಲ. ರಾಕೆಟ್ಟಿನ ಪಕ್ಕೆಯಲ್ಲಿ ಕಡ್ಡಿ ತೂರುವಷ್ಟು ಒಂದು ತೂತು ಕೊರೆದಿರುತ್ತಾರೆ, ಟ್ಯಾಂಕು ತುಂಬಿದ ಮೇಲೆ ಹಾಲು ಉಕ್ಕಿದ ಹಾಗೆ ಹೆಚ್ಚಿನ ಅನಿಲ ಅಲ್ಲಿಂದ ಬೆಳ್ಳಗೆ ಹೊರಗೆ ಬರುತ್ತದೆ. ಅದು ಕಂಡರೆ ತುಂಬಿತು ಎಂದು ಲೆಕ್ಕ, ಆಗ ಬೆಂಕಿ ಕೊಡುವುದು. ತೂತು ಸರಿಯಾಗಿ ತೆರೆದಿದೆಯೇ, ಒಮ್ಮೆ ನೋಡಿದಿರಾ ಎಂದು ಮೇಡಂ ಕೇಳಿದರು. ಅಪ್ಪನಿಗೆ ರೋಷ ಬಂತು. ನಾನೇ ಕೊರೆದದ್ದು, ನೋಡುವುದೇನು ಎಂದ. ಕನ್ನಡಕ ಜೇಬಿನಲ್ಲೇ ಇತ್ತು.

ಅನಿಲ ಬಿಟ್ಟರು. ಎಲ್ಲರೂ ಆ ಪಕ್ಕೆಯನ್ನೇ ನೋಡುತ್ತ ನಿಂತೆವು. ಬಿಳಿ ಹೊಗೆ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದೆವು, ಆಗಲೂ ಬರಲಿಲ್ಲ. ಆಮೇಲೆ ಒಳಗೇ ಏನೋ ಬುಸುಗುಟ್ಟಿ, ಟಪ್ ಎಂದು ಮೂತಿ ಕಳಚಿ ಬಿತ್ತು, ಮಡಿಸಿಟ್ಟ ಪ್ಯಾರಾಶೂಟು ಕರುಳಿನ ಹಾಗೆ ಹೊರಗೆ ಜೋತುಬಿತ್ತು, ಮೇಲಿನಿಂದ ಬಿಳಿ ಮಂಜು ಬುಗುಬುಗು ಎದ್ದಿತು. ಹೊರಗೆ ಹೋಗಲು ದಾರಿಯಿಲ್ಲದ ಅನಿಲ ಕೊಳವೆಯೊಳಗೇ ತುಂಬಿಕೊಂಡು ಮೂತಿಯನ್ನು ತಳ್ಳಿತ್ತು. ಯಾರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡ. ಕೆಲವರು ನಕ್ಕರು, ನಗೆ ಅನಿಲವಲ್ಲವೇ. ಮೇಡಂ ಅನಿಲ ನಿಲ್ಲಿಸಿ, ಇದ್ದದ್ದೆಲ್ಲ ಖಾಲಿಯಾಗುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ. ಇವತ್ತಿಗೆ ಇಷ್ಟೇ, ಕಾರಣ ತಿಳಿಯದೆ ಮತ್ತೆ ತುಂಬುವ ಹಾಗಿಲ್ಲ ಎಂದರು. ಅಪ್ಪನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಪ್ಪ ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನ ಮೆಟ್ಟಿಲಲ್ಲಿ ಕೂತು ತೂತು ಹುಡುಕಿದ. ಕನ್ನಡಕ ಹಾಕಿಕೊಂಡು ನೋಡಿದ, ಉಗುರಿನಲ್ಲಿ ಸವರಿದ, ಬಿಸಿಲಿಗೆ ಓರೆಯಾಗಿ ಹಿಡಿದ. ಯಾವ ಕಾರನ್ನು ತಂದು ನಿಲ್ಲಿಸಿದರೂ ಎಲ್ಲಿ ಗುದ್ದಿದೆ, ಎಲ್ಲಿ ತೇಪೆ ಹಾಕಿದೆ ಎಂದು ಹೇಳುವ ಮನುಷ್ಯನಿಗೆ ತಾನೇ ಕೊರೆದ ತೂತು ಸಿಗಲಿಲ್ಲ. ಕೊನೆಗೆ ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗೆ ಬಡಿಯುತ್ತ ಬಂದ. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ದಪ್ ಎಂದಿತು. ಬೆರಳು ಅಲ್ಲೇ ನಿಂತಿತು. ನನಗೆ ಆಗ ಅರ್ಥವಾಯಿತು. ಅಪ್ಪ ತೂತು ಕೊರೆದು ಮೋಟಾರು ತರಲು ಹೋಗಿದ್ದ ದಿನವೇ ನೀನು ಊರಿಗೆ ಹೊರಟದ್ದು. ಹೋಗುವ ಮುಂಚೆ ಬ್ಲೇಡು ಹಿಡಿದು ಆ ಕೋಣೆಗೆ ಕಾಲಿಟ್ಟಿದ್ದೀಯ, ಆ ತೂತಿಗೂ ಪುಟ್ಟಿ ತುಂಬಿದ್ದೀಯ. ಮರುದಿನ ಅಪ್ಪ ಮುಖ ಊದಿಸಿಕೊಂಡು, ಕನ್ನಡಕವಿಲ್ಲದೆ ಅದರ ಮೇಲೆಯೇ ಕೆಂಪು ಹೊಡೆದಿದ್ದಾನೆ.

ನನಗೆ ಸಿಟ್ಟು ನೆತ್ತಿಗೇರಿತು, ಮುಚ್ಚಿಡುವುದಿಲ್ಲ. ಅಮ್ಮ ಬೇಕೆಂದೇ ಮಾಡಿದ್ದಾಳೆ, ಸೇಡು ತೀರಿಸಿಕೊಂಡಿದ್ದಾಳೆ ಎಂದು ಅಪ್ಪನ ಎದುರೇ ಅಂದುಬಿಟ್ಟೆ. ಅವನೂ ಕೂಗಾಡುತ್ತಾನೆ, ನಿನಗೂ ನನಗೂ ಸೇರಿಸಿ ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ, "ಸೇಡಾಗಿದ್ರೆ ಒಂದು ಸಲ ಬಳಿದು ಹೋಗ್ತಿದ್ದಳು. ಇದನ್ನ ಮೂರು ಸಲ ಉಜ್ಜಿದ್ದಾಳೆ," ಎಂದ. ಕನ್ನಡಕ ತೆಗೆದು ಜೇಬಿಗೆ ಹಾಕುತ್ತ, "ನನ್ನ ಕೆಲಸದಲ್ಲಿ ತೂತು ಉಳಿದಿದೆ ಅಂದ್ಕೊಂಡಿದ್ದಾಳೆ. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬಂದಿಲ್ಲ," ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ರಾಕೆಟ್ಟು ಅವನ ತೊಡೆಯ ಮೇಲೆಯೇ ಇತ್ತು. ನಾನು ಗಾಡಿ ಓಡಿಸುತ್ತ ಅತ್ತೆ, ಅವನಿಗೆ ಕಾಣದ ಹಾಗೆ. ಮನೆ ಬಿಟ್ಟು ಹೊರಟ ಹೆಂಗಸು ಬಸ್ಸಿನ ಹೊತ್ತಾಗುತ್ತಿದ್ದರೂ ಕೂತು ಗಂಡನ ತೂತು ಮುಚ್ಚಿ ಹೋಗುತ್ತಾಳೆ ಎಂದರೆ ಇದಕ್ಕೆ ನಾನು ಏನು ಹೇಳಲಿ? ನಿಮ್ಮಿಬ್ಬರದೂ ಒಂದು ಮಾತು ಬಾಯಲ್ಲಿ ಬರುವುದಿಲ್ಲ, ಎಲ್ಲ ಕೈಯಲ್ಲೇ.

ಸಂಘದವರು ಮುಂದಿನ ತಿಂಗಳು ಮತ್ತೆ ಬಯಲಿಗೆ ಹೋಗುತ್ತಾರೆ. ಅದರೊಳಗೆ ಆ ಜಾಗದಲ್ಲೇ ಮತ್ತೆ ತೂತು ಕೊರೆಯಬೇಕು, ಬೇರೆ ಕಡೆ ಕೊರೆದರೆ ಒಳಗೆ ಟ್ಯಾಂಕಿನಿಂದ ಬರುವ ನಳಿಕೆಗೆ ಸೇರುವುದಿಲ್ಲ. ಎರಡು ನಿಮಿಷದ ಕೆಲಸ. ಡ್ರಿಲ್ಲು ತಂದು ಕೊಟ್ಟೆ, ಮುಟ್ಟಲಿಲ್ಲ. ನಾನೇ ಕೊರೆಯಲೇ ಎಂದೆ. ಅವಳು ತುಂಬಿದ್ದನ್ನು ಅವಳನ್ನು ಕೇಳದೆ ಯಾರೂ ಕೊರೆಯಬಾರದು ಎಂದ. ಹಾಗಾದರೆ ಫೋನ್ ಮಾಡಿ ಕೇಳು ಎಂದರೆ ಚಿಲಕ ಹಾಕಿಕೊಂಡು ಉಜ್ಜಲು ಕೂತ. ಏನು ಉಜ್ಜುತ್ತಾನೋ ದೇವರೇ ಬಲ್ಲ. ನನಗೆ ರಾಕೆಟ್ಟು ಹಾರಿದರೂ ಒಂದೇ, ಹಾರದಿದ್ದರೂ ಒಂದೇ. ರಾತ್ರಿ ಊಟಕ್ಕೆ ಮೂರು ತಟ್ಟೆ ಹಾಕಬೇಕು, ಅಷ್ಟೇ ನನ್ನ ಆಸೆ. ಇದಕ್ಕಿಂತ ಬಿಡಿಸಿ ಹೇಳುವ ಶಕ್ತಿ ಈ ಹೊತ್ತು ನನ್ನಲ್ಲಿ ಇಲ್ಲ.

ಚಿಕ್ಕಮ್ಮನಿಗೂ ಅವಳ ಗಟ್ಟಿಮುಟ್ಟಾದ ಕಾಲಿಗೂ ನನ್ನ ನಮಸ್ಕಾರ ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಆಶೀರ್ವಾದವನ್ನು ಕಾಗದದಲ್ಲಿ ಕಳಿಸುವ ಬದಲು ಕೈಯಾರೆ ತಂದು ಕೊಟ್ಟರೆ ನನಗೆ ಅನುಕೂಲ.

ನಿನ್ನ,
ಬಡವಾದ ಕೂಸು

ತಾ.ಕ.: ಲಕೋಟೆಗೆ ಅಂಟು ಹುಡುಕಿಕೊಂಡು ಬೀದಿ ಕೋಣೆಗೆ ಹೋದೆ, ಇವತ್ತು ಚಿಲಕ ಹಾಕಿರಲಿಲ್ಲ. ಅಪ್ಪ ವಾರವಿಡೀ ಉಜ್ಜಿ ತೆಗೆದದ್ದು ತನ್ನ ಪುಟ್ಟಿಯನ್ನೇ, ಅಮ್ಮಾ. ಕೆಂಪು ಬಣ್ಣವೆಲ್ಲ ಹೋಗಿದೆ, ರೆಕ್ಕೆಗಳ ಸಂದಿ ಖಾಲಿ, ಇಡೀ ಕೊಳವೆ ಬೋಳಾಗಿ ನಿಂತಿದೆ. ಉಳಿದಿರುವುದು ಒಂದು ನಾಣ್ಯದಗಲ ಕೆಂಪು ಮಾತ್ರ, ಕೆಳಗೆ ನಿನ್ನ ಪುಟ್ಟಿ, ಮೇಲೆ ಅವನ ಬಣ್ಣ. ಅದಕ್ಕೆ ಕೈ ತಾಗದಂತೆ ಸುತ್ತ ಟೇಪು ಅಂಟಿಸಿದ್ದಾನೆ. ಇದೇನಪ್ಪಾ ಎಂದೆ. "ಅವಳಿಗೆ ಬರೀತಿದ್ದೀಯಲ್ಲ, ಬರುವಾಗ ಬ್ಲೇಡ್ ತರೋಕೆ ಹೇಳು. ಇದು ನನ್ನ ಕೈಲಿ ಆಗಲ್ಲ," ಎಂದ. ಬಂದರೆ ಎನ್ನಲಿಲ್ಲ, ಬರುವಾಗ ಎಂದ. ಯಾವ ಬಸ್ಸು ಎಂದು ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ.