ಬಿಟ್ಟುಕೊಡಲು ಬರಲಾಗದವಳ ಪರವಾಗಿ

ಉನ್ನತ ವ್ಯಾಸಂಗ ವೇತನ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಹೆಂಡತಿ ನಿಮ್ಮ ಕಚೇರಿಗೆ ಖುದ್ದಾಗಿ ಬಂದು, ತನಗೆ ಮಂಜೂರಾದ ಸಂಶೋಧನಾ ವೇತನವನ್ನು ಬಿಟ್ಟುಕೊಡುತ್ತಿದ್ದೇನೆಂದು ನಿಮ್ಮ ಸಿಬ್ಬಂದಿಯ ಎದುರಿಗೆ ಸಹಿ ಹಾಕಬೇಕಂತೆ. ಹಾಕುವವರೆಗೆ, ಕಾಯುವ ಪಟ್ಟಿಯಲ್ಲಿ ಅವಳ ಹಿಂದೆ ನಿಂತಿರುವ ಹುಡುಗಿಗೆ ಆ ವೇತನ ಸಿಗುವುದಿಲ್ಲವಂತೆ. ಈ ತಿಂಗಳು ಮುಗಿದರೆ ಯಾರಿಗೂ ಇಲ್ಲದೆ ರದ್ದಾಗಿಹೋಗುತ್ತದಂತೆ. ನನ್ನ ಹೆಂಡತಿ ತೀರಿಕೊಂಡಿದ್ದಾಳೆ. ಇದನ್ನು ನಿಮ್ಮ ಕಚೇರಿಗೆ ತಿಳಿಸಿದ್ದೇನೆ, ದಾಖಲೆಯನ್ನೂ ಕೊಟ್ಟಿದ್ದೇನೆ, ನಿಮ್ಮವರು ನಂಬಿಯೂ ಇದ್ದಾರೆ. ಆದರೂ ಅವಳೇ ಬರಬೇಕಂತೆ.

ಇದನ್ನು ನಿಮ್ಮ ಕೋಣೆಗೇ ಬಂದು ಹೇಳಬಹುದಿತ್ತು, ಪತ್ರಿಕೆಗೆ ಯಾಕೆ ಬರೆದೆ ಎಂದು ನೀವು ಕೇಳಬಹುದು. ನಾನು ಉಗ್ಗುತ್ತೇನೆ, ಸ್ವಾಮಿ. ಚಿಕ್ಕಂದಿನಿಂದಲೂ ಹಾಗೆಯೇ. ಅಂಗಡಿಗೆ ಬಂದ ಗಿರಾಕಿಗೆ 'ನಾಳೆ ಬನ್ನಿ' ಎನ್ನುವಷ್ಟರಲ್ಲಿ ಅವರೇ 'ನಾಳೆ ಬರ್ತೀನಿ ಬಿಡಿ' ಎಂದು ಹೊರಟುಬಿಡುತ್ತಾರೆ. ಅದಕ್ಕೇ ಹುಡುಗನಾಗಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ. ಕಾಗದದ ಮೇಲೆ ನನ್ನ ಮಾತನ್ನು ಯಾರೂ ಅರ್ಧಕ್ಕೆ ಮುಗಿಸುವುದಿಲ್ಲ. ಓದಿದ್ದು ಪ್ರೌಢಶಾಲೆಯವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನನ್ನದು ವಿಶ್ವವಿದ್ಯಾಲಯದ ಹಿಂಬಾಗಿಲಿನ ಎದುರು, ಜೆರಾಕ್ಸ್ ಅಂಗಡಿಗೂ ಹಣ್ಣಿನ ರಸದ ಅಂಗಡಿಗೂ ನಡುವೆ ಇರುವ ಬೈಂಡಿಂಗ್ ಅಂಗಡಿ. ಪಿಎಚ್.ಡಿ. ಮಾಡುವವರು ತಮ್ಮ ಪ್ರಬಂಧವನ್ನು ರಟ್ಟು ಹಾಕಿಸಲು ನನ್ನಲ್ಲಿಗೆ ತರುತ್ತಾರೆ. ನಾನು ಹೊಲಿದು, ಅಂಟು ಬಳಿದು, ಭಾರದ ಕೆಳಗೆ ಇಟ್ಟು, ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿ ಕೊಡುತ್ತೇನೆ. ಒಳಗಿರುವುದನ್ನು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ನನಗಿಲ್ಲ. ಓದುತ್ತಿದ್ದವಳು ನನ್ನ ಹೆಂಡತಿ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಸಂಜೆ ನೇರವಾಗಿ ಅಂಗಡಿಗೆ ಬರುತ್ತಿದ್ದಳು. ಅಂಚೆ ಮೂಲಕ ಎಂ.ಎ. ಮುಗಿಸಿಕೊಂಡಿದ್ದಳು. ಅಷ್ಟಕ್ಕೇ ತೃಪ್ತಿಯಾಗುವ ಜೀವವಲ್ಲ ಅದು.

ಅವಳು ಹಿಡಿದುಕೊಂಡದ್ದು ಒಂದೇ ಪ್ರಶ್ನೆ, ಅದೂ ನನ್ನಿಂದಲೇ ಹುಟ್ಟಿದ್ದು. ಪುಸ್ತಕ ಹೊಲಿಯುತ್ತ ಕೂತಾಗ ನಾನು ಉಗ್ಗುವುದಿಲ್ಲ. ಸೂಜಿ ಒಳಗೆ ಹೋಗಿ ಹೊರಗೆ ಬರುವ ಲಯಕ್ಕೆ ಮಾತು ಸಲೀಸಾಗಿ ಬರುತ್ತದೆ. ಸೂಜಿ ಕೆಳಗಿಟ್ಟರೆ ಮಾತೂ ನಿಲ್ಲುತ್ತದೆ. ಮದುವೆಯಾದ ಹೊಸತರಲ್ಲಿ ಅವಳು ಇದನ್ನು ಕಂಡುಹಿಡಿದಳು. "ರೀ, ನಿಮ್ಮ ಹತ್ರ ಜಗಳ ಆಡಬೇಕಾದ್ರೆ ಮೊದಲು ಕೈಗೆ ಸೂಜಿ ಕೊಡಬೇಕು. ಇಲ್ದಿದ್ರೆ ನಾನೊಬ್ಬಳೇ ಆಡ್ದಂಗಾಗುತ್ತೆ" ಎಂದು ನಗುತ್ತಿದ್ದಳು. ಆಮೇಲೆ ತನ್ನ ತರಗತಿಯಲ್ಲಿ ಉಗ್ಗುವ ಮಕ್ಕಳ ಕೈಗೆ ಮಣಿ, ದಾರ, ಜೇಡಿಮಣ್ಣು ಕೊಟ್ಟು ನೋಡಿದಳು. ಕೆಲವರ ನಾಲಿಗೆಯ ಗಂಟು ಬಿಟ್ಟಿತು, ಕೆಲವರದು ಬಿಡಲಿಲ್ಲ. ಯಾರದು ಬಿಡುತ್ತದೆ, ಯಾಕೆ ಬಿಡುತ್ತದೆ, ಕೈ ಖಾಲಿಯಾದ ಮೇಲೂ ಆ ಮಾತು ಉಳಿಯುತ್ತದೆಯೇ? ಇದನ್ನು ಸರಿಯಾಗಿ ತಿಳಿಯಬೇಕಾದರೆ ಸಂಶೋಧನೆಯನ್ನೇ ಮಾಡಬೇಕು, ಅದಕ್ಕೆ ಕೆಲಸ ಬಿಡಬೇಕು, ಬಿಟ್ಟರೆ ಮನೆ ನಡೆಯಬೇಕಲ್ಲ. ಹಾಗಾಗಿ ನಿಮ್ಮ ಬಾಗಿಲು.

ಆ ಬಾಗಿಲು ಎಲ್ಲಿದೆ ಎಂದು ಅವಳಿಗೆ ಹೇಳಿದವರು ಯಾರು ಗೊತ್ತೇ? ನಿಮ್ಮ ಜಾಲತಾಣವಲ್ಲ. ಅದನ್ನು ತೆರೆದಾಗಲೆಲ್ಲ 'ಪುಟ ಸಿದ್ಧವಾಗುತ್ತಿದೆ' ಎಂದು ಬರುತ್ತಿತ್ತು. ಈಗಲೂ ಸಿದ್ಧವಾಗುತ್ತಲೇ ಇದೆ, ನಿನ್ನೆ ನೋಡಿದೆ. ಅವಳಿಗೆ ಹೇಳಿದ್ದು ಅಂಟು ಒಣಗಲು ನನ್ನ ಅಂಗಡಿಯಲ್ಲಿ ಬಿದ್ದಿದ್ದ ಪ್ರಬಂಧಗಳ ಕೃತಜ್ಞತೆಯ ಪುಟ. ಮೊದಲು ಅದನ್ನೇ ತೆರೆಯುತ್ತಿದ್ದಳು. ಯಾವ ಗೈಡ್ ಹೇಗೆ, ಯಾವ ವಿಭಾಗದಲ್ಲಿ ಜನ ನಾಲ್ಕು ವರ್ಷಕ್ಕೆ ಹೊರಬರುತ್ತಾರೆ, ಯಾವುದರಲ್ಲಿ ಕೂದಲು ನರೆತ ಮೇಲೆ, ಯಾರಿಗೆ ಎಲ್ಲಿಂದ ವೇತನ ಬಂತು, ಎಲ್ಲವನ್ನೂ ಅಲ್ಲಿಂದಲೇ ಹೆಕ್ಕುತ್ತಿದ್ದಳು.

"ಇಲ್ಲಿ ನೋಡಿ, 'ಸದಾ ಕಾಲ ಅಮೂಲ್ಯ ಮಾರ್ಗದರ್ಶನ ನೀಡಿದ ಗುರುಗಳು' ಅಂತ ಬರ್ದಿದ್ದಾನೆ. ಇವರು ಕೈಗೇ ಸಿಗಲ್ಲ."

"ಅ-ಅದು ಹೇಗೆ ಗೊತ್ತು?"

"ಸಿಗೋ ಮೇಷ್ಟ್ರಾದ್ರೆ ಬೈದಿದ್ದೂ ನೆನಪಿರುತ್ತೆ ಕಣ್ರೀ. ಇನ್ನೊಬ್ಬಳು ನೋಡಿ, 'ಮೂರನೇ ಅಧ್ಯಾಯವನ್ನು ನಾಲ್ಕು ಸಲ ಹರಿದು ಹಾಕಿದ ನನ್ನ ಮೇಡಂಗೆ' ಅಂತ ಬರ್ದಿದ್ದಾಳೆ. ನನಗೆ ಈ ಮೇಡಮ್ಮೇ ಬೇಕು."

ಆ ಮೇಡಂ ಒಪ್ಪಿದರು. ಆದರೆ ವೇತನ ಮಂಜೂರಾದ ಪತ್ರ ತಂದರೆ ಮಾತ್ರ ಜಾಗ ಕೊಡಬಹುದು, ವಿಭಾಗದ ನಿಯಮ ಹಾಗಿದೆ ಎಂದರು. ನಿಮ್ಮ ಕಚೇರಿಯಲ್ಲಿ ವಿಚಾರಿಸಿದರೆ, ಜಾಗ ಸಿಕ್ಕ ಪತ್ರ ತಂದರೆ ಮಾತ್ರ ವೇತನ ಎಂದರು. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಎಂಬ ಗಾದೆಯನ್ನು ಇಷ್ಟು ಶಿಸ್ತಾಗಿ ಜಾರಿಗೆ ತಂದ ಇಲಾಖೆ ಇನ್ನೊಂದಿರಲಿಕ್ಕಿಲ್ಲ. ಕೊನೆಗೆ ಆ ಮೇಡಮ್ಮೇ ತಮ್ಮ ಜವಾಬ್ದಾರಿಯ ಮೇಲೆ 'ವೇತನ ದೊರೆತಲ್ಲಿ ಜಾಗ ಖಚಿತ' ಎಂದು ಬರೆದುಕೊಟ್ಟರು.

ಅರ್ಜಿ ಸಿದ್ಧವಾಯಿತು. ಇಷ್ಟು ವರ್ಷ ಊರವರ ಪ್ರಬಂಧಕ್ಕೆಲ್ಲ ರಟ್ಟು ಹಾಕಿದ್ದೇವೆ, ನಮ್ಮದೇ ಅರ್ಜಿಯನ್ನು ಪಿನ್ ಹೊಡೆದು ಕಳಿಸುವುದೇ? ಇಬ್ಬರೂ ಕೂತು ರಟ್ಟಿಗೆ ಹೊದಿಸುವ ಬಟ್ಟೆ ಆಯ್ದೆವು. ಅವಳು ಹಾಳೆ ಜೋಡಿಸಿಕೊಟ್ಟಳು, ನಾನು ಹೊಲಿದೆ. ಬೆನ್ನಿನ ಮೇಲೆ ಅವಳ ಹೆಸರನ್ನೂ ಒತ್ತಿದೆ. ಆ ಅರ್ಜಿ ಹಾಗೆಯೇ ವಾಪಸು ಬಂತು. 'ಬಿಡಿ ಹಾಳೆಗಳಲ್ಲಿ ಸಲ್ಲಿಸತಕ್ಕದ್ದು. ಸ್ಕ್ಯಾನ್ ಮಾಡಲು ಸಾಧ್ಯವಾಗಿಲ್ಲ. ತಿರಸ್ಕೃತ.' ಯಾರೋ ಬಿಚ್ಚಲು ನೋಡಿದ್ದ ಗುರುತು ಅಂಚಿನಲ್ಲಿತ್ತು. ಪಾಪ, ಅವರ ಕೈಲಾಗಿರಲಿಲ್ಲ. "ನಿಮ್ಮ ಹೊಲಿಗೆ ಗಟ್ಟಿ ಅಂತ ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ, ಇನ್ನೇನು ಬೇಕು?" ಎಂದಳು ಅವಳು. ಸಂಜೆಯೆಲ್ಲ ನಕ್ಕೆವು. ನಮ್ಮ ಕಸುಬಿನವರಲ್ಲದೆ ಬೇರೆ ಯಾರೂ ಮಾಡದ ತಪ್ಪು ಅದು. ಒಂದು ವರ್ಷ ಹೋಯಿತು. ವರ್ಷ ಎಂದರೆ ಬಂದೇ ಬರುವ ವಸ್ತು ಎಂದು ಆಗ ಅಂದುಕೊಂಡಿದ್ದೆವು.

ಆ ವರ್ಷವೇ ಗುಳಿಗೆ ನಮ್ಮ ಅಂಗಡಿಗೆ ಬಂದದ್ದು. ಮೂಲೆಯ ಔಷಧದ ಅಂಗಡಿಯಲ್ಲಿ ಮಾತ್ರೆ ಎಣಿಸಿಕೊಡುವ ಹುಡುಗಿ. ಆಳೂ ಸಣ್ಣ, ಹಾಗಾಗಿ ನನ್ನ ಹೆಂಡತಿ ಇಟ್ಟ ಹೆಸರು. ಓದಿನಲ್ಲಿ ಚುರುಕು, ಮನಶ್ಶಾಸ್ತ್ರದಲ್ಲಿ ಎಂ.ಎ., ಹಿಂದೆ ನಿಲ್ಲುವವರು ಯಾರೂ ಇಲ್ಲ. ಅಂಟು ಒಣಗುವ ಪ್ರಬಂಧಗಳ ಮುಂದೆ ಇಬ್ಬರೂ ಕೂತರೆ ಅಂಗಡಿ ಮುಚ್ಚುವವರೆಗೆ ಏಳುತ್ತಿರಲಿಲ್ಲ. ಎರಡನೇ ಸಲ ಇಬ್ಬರೂ ಅದೇ ವೇತನಕ್ಕೆ, ಅದೇ ಮೇಡಂ ಬಳಿಗೆ ಅರ್ಜಿ ಹಾಕಿದರು. ಬಿಡಿ ಹಾಳೆಗಳಲ್ಲಿ.

"ನಿಮಗೇ ಬರುತ್ತೆ ಅಕ್ಕ. ನಾನು ಸುಮ್ನೆ ಜೊತೆಗಿರ್ಲಿ ಅಂತ ಹಾಕ್ತಿದ್ದೀನಿ."

"ಸುಮ್ನೆ ಹಾಕೋದಾದ್ರೆ ಲಾಟರಿಗೆ ಹಾಕು ಕಣೇ, ಅಲ್ಲಿ ಸಹಿ ಕಮ್ಮಿ. ನೋಡು ಗುಳಿಗೆ, ನಂಗೆ ಬಂದ್ರೆ ನಿಂಗೆ ಮುಂದಿನ ವರ್ಷ. ನಿಂಗೆ ಬಂದ್ರೆ ನನ್ನ ಪ್ರಶ್ನೆ ತಗೊಂಡು ಹೋಗು. ಕೊಳೆಸಬೇಡ."

"ಪ್ರಶ್ನೆ ಜೊತೆ ಭಾವನ್ನೂ ಕಳಿಸ್ತೀರಾ? ಪ್ರಯೋಗಕ್ಕೆ ಬೇಕಲ್ಲ."

"ಅವರನ್ನ ಕೊಡಲ್ಲ. ಬೇಕಾದ್ರೆ ಬಾಡಿಗೆಗೆ ತಗೋ."

ನನ್ನ ಹೆಂಡತಿ ಆಯ್ಕೆಯಾದಳು. ಕಾಯುವ ಪಟ್ಟಿಯಲ್ಲಿ ಮೊದಲನೆಯವಳು ಗುಳಿಗೆ. ಶಾಲೆಗೆ ರಾಜೀನಾಮೆ ಕೊಟ್ಟು ಬಂದ ವಾರವೇ ನನ್ನ ಹೆಂಡತಿಗೆ ಜ್ವರ ಹಿಡಿಯಿತು. ವೈದ್ಯರು ಮೊದಲು ಸಾಧಾರಣ ಜ್ವರ ಎಂದರು. ಆಮೇಲೆ ರಕ್ತಕ್ಕೆ ಸೋಂಕು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ತುತ್ತು ಹಾಗೇ ಇದೆ ಸ್ವಾಮಿ, ಬಾಯಿಯೇ ಹೋಯಿತು.

ಅವಳು ಹೋದ ಮೇಲೆ ಗುಳಿಗೆ ದಿನಾ ಅಂಗಡಿಗೆ ಬಂದು ಕೂತು ಹೋಗುತ್ತಿದ್ದಳು. ವೇತನದ ಮಾತೆತ್ತಲಿಲ್ಲ. ನಾನೇ ಎತ್ತಿದೆ, ಸೂಜಿ ಹಿಡಿದುಕೊಂಡು. "ಬೇಡ ಭಾವ. ಅಕ್ಕ ಹೋದ ಜಾಗ ನನಗೆ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?" ಎಂದು ಅತ್ತಳು. ಅವಳಿಗೆ ಬಾಯಿ ಬರದ ಮೇಲೆ ಇರುವ ಬಾಯಿ ನನ್ನದೊಂದೇ. ಅದರ ಸ್ಥಿತಿ ಹೇಳಿದ್ದೇನೆ.

ನಿಮ್ಮ ಕಚೇರಿಯ ಕಿಟಕಿಯಲ್ಲಿ ಕನ್ನಡಕ ಹಾಕಿದ ಗುಮಾಸ್ತರೊಬ್ಬರಿದ್ದಾರೆ. ಕೆಟ್ಟವರಲ್ಲ. ನನ್ನ ಹಿಂದೆ ಸಾಲು ಗೊಣಗುತ್ತಿದ್ದಾಗಲೂ ಹೊರಗೆ ಹೋಗಿ ಎನ್ನಲಿಲ್ಲ, ಬರೆದು ತೋರಿಸಿ ಎಂದು ಚೀಟಿ ಕೊಟ್ಟರು. ಬರೆದು ತೋರಿಸಿದೆ. ಓದಿ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಬಿಟ್ಟುಕೊಡೋ ಪತ್ರಕ್ಕೆ ಅಭ್ಯರ್ಥಿಯೇ ಎದುರಿಗೆ ಬಂದು ಸಹಿ ಹಾಕಬೇಕು. ಹಿಂದೆ ಒಬ್ಬಳ ಸಹಿಯನ್ನ ಅವಳ ಮೈದುನನೇ ಹಾಕ್ಕೊಂಡು ಬಂದಿದ್ದ. ಆವಾಗಿಂದ ಈ ನಿಯಮ."

ನಾನು ಮರಣ ಪ್ರಮಾಣಪತ್ರವನ್ನು ಬೆರಳಿನಿಂದ ತೋರಿಸಿದೆ.

"ನೋಡ್ದೆ ಯಜಮಾನ್ರೇ. ಇದ್ರಿಂದ ಅವರು ತೀರಿಕೊಂಡಿದ್ದಾರೆ ಅಂತ ಗೊತ್ತಾಗುತ್ತೆ. ಬಿಟ್ಟುಕೊಟ್ಟಿದ್ದಾರೆ ಅಂತ ಗೊತ್ತಾಗಲ್ಲ."

ನನ್ನ ಹಿಂದೆ ನಿಂತಿದ್ದವನೊಬ್ಬ ನಕ್ಕುಬಿಟ್ಟ. ಗುಮಾಸ್ತರು ನಗಲಿಲ್ಲ. "ನನ್ನ ಕೈಲೇನಿಲ್ಲ, ಮೇಲಿನವರು ಬರೆದ್ರೆ ಆಗುತ್ತೆ" ಎಂದರು. ಮೇಲೆ ಎಂದರೆ ನೀವು. ಎರಡು ಸಲ ಮೇಲೆ ಬಂದೆ. ಒಂದು ಸಲ ನೀವು ಸಭೆಯಲ್ಲಿದ್ದಿರಿ. ಇನ್ನೊಂದು ಸಲ ನಿಮ್ಮ ಬಾಗಿಲಿನವನು ಏನು ಕೆಲಸ ಎಂದು ಕೇಳಿದ. ನನ್ನ ಮಾತು ಹೊರಡುವಷ್ಟರಲ್ಲಿ ನಿಮ್ಮ ಕಾರು ಹೊರಟಿತು.

ಹಾಗಾದರೆ ಹೇಳಿ, ಬಿಟ್ಟುಕೊಡುವುದು ಎಂದರೆ ಏನು? ಜೀವವನ್ನೇ ಬಿಟ್ಟವಳು ನಿಮ್ಮ ವೇತನವೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆಂದು ನಿಮ್ಮ ಇಲಾಖೆ ನಂಬುತ್ತದೆಯೇ? ಮುಂದಿನ ತಿಂಗಳು ಹಾಜರಾಗದಿದ್ದರೆ 'ಸಕಾರಣವಿಲ್ಲದೆ ಗೈರು' ಎಂದು ಅವಳ ಮೇಲೆ ಷರಾ ಬರೆಯುತ್ತೀರಾ? ಮೋಸ ತಡೆಯಲು ನಿಯಮ ಬೇಕು, ಒಪ್ಪಿದೆ. ಆದರೆ ಸಾವು ಮೋಸವಲ್ಲವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ನಿಮ್ಮಲ್ಲಿ ಪೂಜಾರಿಯೂ ಕೊಡಲು ಸಿದ್ಧ, ತೆಗೆದುಕೊಳ್ಳುವವಳೂ ಇದ್ದಾಳೆ, ವರವೂ ಮೇಜಿನ ಮೇಲಿದೆ. ಅಡ್ಡ ಇರುವುದು ನಿಮ್ಮ ಒಂದು ಸಾಲಿನ ಬರಹ. ಅದನ್ನು ಬರೆಯದೆ ಇರುವುದರಿಂದ ಯಾರಿಗೆ ಏನು ಉಳಿತಾಯ?

ನನ್ನ ಕೋರಿಕೆ ಇಷ್ಟೇ. ಅಭ್ಯರ್ಥಿ ತೀರಿಕೊಂಡಲ್ಲಿ ವೇತನ ಕಾಯುವ ಪಟ್ಟಿಯ ಮುಂದಿನವರಿಗೆ ಹೋಗತಕ್ಕದ್ದು ಎಂದು ಒಂದು ಸಾಲು ಬರೆದು, ಈ ತಿಂಗಳು ಮುಗಿಯುವ ಮೊದಲು ಸಹಿ ಹಾಕಿ. ಖುದ್ದಾಗಿ ಸಹಿ ಹಾಕುವುದು ನಿಮಗೆ ಈಗಲೂ ಸಾಧ್ಯವಿದೆ.

ನೀವು ಹಾಕುತ್ತೀರಿ ಎಂಬ ನಂಬಿಕೆ ನನಗೆ ಬಹಳ ಇಲ್ಲ. ಮೇಡಂ ಇನ್ನು ಜಾಗ ಖಾಲಿ ಇಟ್ಟುಕೊಳ್ಳುವಂತಿಲ್ಲ, ನೊಂದುಕೊಂಡೇ ತಿಳಿಸಿದ್ದಾರೆ. ಗುಳಿಗೆ ಬೇರೆ ಊರಿನ ದೊಡ್ಡ ಔಷಧದ ಮಳಿಗೆಗೆ ಒಪ್ಪಿಗೆ ಕೊಟ್ಟಿದ್ದಾಳೆ, ತಿಂಗಳು ಮುಗಿದ ಮರುದಿನ ಹೊರಡುತ್ತಾಳೆ. "ಅಲ್ಲೂ ಮಾತ್ರೆಯೇ ಭಾವ, ಡಬ್ಬಿ ಮಾತ್ರ ದೊಡ್ಡದು" ಎಂದಳು. ನನ್ನ ಹೆಂಡತಿಯ ಶಾಲೆಯಲ್ಲಿ ಮಣಿ ಪೋಣಿಸುತ್ತ ಮಾತಾಡಲು ಕಲಿತಿದ್ದ ಒಂದು ಮಗು, ಹೊಸ ಟೀಚರ್ ಬಂದು ಮಣಿಗಳನ್ನು ಕಪಾಟಿನಲ್ಲಿಟ್ಟ ಮೇಲೆ ಮತ್ತೆ ಸುಮ್ಮನಾಗಿದೆಯಂತೆ. ಅದರ ತಾಯಿ ಅಂಗಡಿಗೆ ಬಂದು, ಮುಂದೇನು ಮಾಡಲಿ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಗೊತ್ತು ಮಾಡಿಕೊಳ್ಳಬೇಕೆಂದಿದ್ದವಳು ಅವಳು.

ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಗುಳಿಗೆ ಎಂದಾದರೂ ಆ ಪ್ರಶ್ನೆಯ ಮೇಲೆ ಪ್ರಬಂಧ ಬರೆದಿದ್ದರೆ, ರಟ್ಟು ಹಾಕಿಸಲು ನನ್ನಲ್ಲಿಗೇ ತರುತ್ತಿದ್ದಳು. ಅಂಟು ಒಣಗುವ ಹೊತ್ತಿನಲ್ಲಿ ನಾನು ಕೃತಜ್ಞತೆಯ ಪುಟ ತೆರೆಯುತ್ತಿದ್ದೆ. ಅಲ್ಲಿ ನನ್ನ ಹೆಂಡತಿಯ ಹೆಸರು ಇರುತ್ತಿತ್ತು. ಮೇಡಂ ಹೆಸರಿನ ಕೆಳಗೋ, ನಿಮ್ಮ ಕಚೇರಿಯ ಹೆಸರಿನ ಮೇಲೋ, ಎಲ್ಲಾದರೂ ಒಂದು ಕಡೆ. ಇಷ್ಟು ವರ್ಷ ಊರವರ ಹೆಸರನ್ನೆಲ್ಲ ಒತ್ತಿದ ಕೈ ಇದು. ಅವಳ ಹೆಸರನ್ನು ಒತ್ತಿದ್ದು ಒಂದೇ ಸಲ, ಅದು ನೀವು ತಿರಸ್ಕರಿಸಿದ ಅರ್ಜಿಯ ಮೇಲೆ. ಅದು ಅಂಗಡಿಯಲ್ಲೇ ಇದೆ. ಹೊಲಿಗೆ ಇನ್ನೂ ಬಿಟ್ಟಿಲ್ಲ.

ಈ ಪತ್ರದ ಮೂಲ ಪ್ರತಿಯನ್ನು ನಿಮ್ಮ ಕಚೇರಿಗೂ ಕಳಿಸುತ್ತಿದ್ದೇನೆ. ಬಿಡಿ ಹಾಳೆಗಳಲ್ಲಿದೆ, ಸ್ಕ್ಯಾನ್ ಮಾಡಲು ತೊಂದರೆಯಾಗದು.

ಇಂತಿ,
ಅಭ್ಯರ್ಥಿಯ ಪರವಾಗಿ ಸಹಿ ಹಾಕಲು ಅರ್ಹನಲ್ಲದ ಅವಳ ಗಂಡ,
ಹಿಂಬಾಗಿಲಿನ ಎದುರಿನ ಬೈಂಡಿಂಗ್ ಅಂಗಡಿಯವನು