ಅಪ್ಪಯ್ಯ ಬರೆಸಿದ ಧರ್ಮ

ಮಂಕಿ, ಹೊನ್ನಾವರ ತಾಲೂಕು
ತಾ. ೬-೩-೨೦೦೧

ಪ್ರೀತಿಯ ತಮ್ಮ ವಿಘ್ನೇಶ್ವರಾ,

ಹೇಗಿದ್ದೀಯಾ? ಉಡುಪಿಯ ಸೆಖೆಗೆ ಮೈಮೇಲೆ ಬೊಕ್ಕೆ ಎದ್ದಿವೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ವೇದಪಾಠಶಾಲೆಯ ಊಟ ಸೇರದಿದ್ದರೆ ಹೇಳು, ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಡುತ್ತಾಳೆ. ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ. ಮನೆಯೊಳಗಿನ ಗಾಳಿ ಮಾತ್ರ ಸ್ವಲ್ಪ ಬದಲಾಗಿದೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಕಳೆದ ತಿಂಗಳು ನಮ್ಮ ಶಾಲೆಯ ಮಾಸ್ತರರಿಗೆಲ್ಲ, ನನಗೂ, ಜನಗಣತಿಯ ಕೆಲಸ ಬಿತ್ತು. ಹೊನ್ನಾವರದಲ್ಲಿ ತರಬೇತಿ ಕೊಟ್ಟರು. ಧರ್ಮದ ಪ್ರಶ್ನೆ ಬಂದಾಗ ತರಬೇತಿ ಕೊಡುತ್ತಿದ್ದ ದಿನಕರ ಮಾಸ್ತರರು ಎದ್ದು ನಿಂತು, ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಇವಕ್ಕೆ ಒಂದೊಂದು ಅಂಕಿ ಇದೆ, ಬೇರೆ ಏನು ಹೇಳಿದರೂ ಅದನ್ನೇ ಅಕ್ಷರದಲ್ಲಿ ಬರೆಯಿರಿ, ನೀವು ತಿದ್ದಬೇಡಿ ಎಂದರು. ಜಗತ್ತಿನ ನಂಬಿಕೆಗಳೆಲ್ಲ ಇಷ್ಟು ಸಣ್ಣ ಜಾಗದಲ್ಲಿ ಹಿಡಿಯುತ್ತವೆಯೇ ಎಂದು ನನಗೆ ಆಗಲೇ ಅನ್ನಿಸಿತ್ತು. ಕಡಲ ದಂಡೆಯ ಬಂಗಾರಿ ನೆನಪಿದ್ದಾಳಲ್ಲ, ನಮ್ಮನೆಗೆ ಮೀನುಗೊಬ್ಬರ ತರುತ್ತಿದ್ದವಳು? ಅವಳ ಮಗ ದೋಣಿ ಹತ್ತುವ ಮುಂಚೆ ಅವಳು ಊರ ದೈವ ಜಟಗನಿಗೆ ಕೋಳಿ ಹರಕೆ ಹೇಳಿಕೊಳ್ಳುತ್ತಾಳೆ, ದರ್ಗಾಕ್ಕೆ ಸಕ್ಕರೆ ಕೊಡುತ್ತಾಳೆ, ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. “ಹಿಂದೂ ಹೇಳಿ ಬರೀರಿ ಅಕ್ಕೋರೆ, ಆದ್ರೆ ಉಳ್ದವ್ರಿಗೆ ಬೇಜಾರಾಗದ ಹಾಂಗೆ ಬರೀರಿ” ಎಂದಳು. ನಕ್ಕು ಬರೆದುಕೊಂಡು ಬಂದೆ.

ಕೊನೆಗೆ ನಮ್ಮ ಮನೆ ಉಳಿದಿತ್ತು. ಅಪ್ಪಯ್ಯ ಆಗಷ್ಟೇ ಗುಡಿಯ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಕುಳಿತಿದ್ದರು. ಹೆಸರು, ವಯಸ್ಸು ಕೇಳದೆಯೇ ತುಂಬಿದೆ. ಧರ್ಮಕ್ಕೂ ಅಂಕಿ ಬರೆಯಲು ಹೊರಟಾಗ ಅವರು ತಡೆದರು. “ನನ್ನ ಕೇಳಿದ್ದಿಲ್ಲೆ ನೀನು” ಎಂದರು. ತಮಾಷೆಗೆಂದು ಕೇಳಿದೆ. “ಯಾವ್ದೂ ಇಲ್ಲೆ ಹೇಳಿ ಬರಿ” ಎಂದರು.

ಮುಖ ನೋಡಿದೆ. ತಮಾಷೆ ಇರಲಿಲ್ಲ. ನಂಬಿಕೆ ಹೋಗಿ ಕೆಲವು ವರ್ಷವಾಯಿತಂತೆ. ಯಾರೋ ಸತ್ತದ್ದಕ್ಕಲ್ಲ, ಯಾವ ಪುಸ್ತಕ ಓದಿಯೂ ಅಲ್ಲ. “ಹಲ್ಲು ಅಲ್ಲಾಡಿ ಅಲ್ಲಾಡಿ ಬಿದ್ದ ಹಾಂಗೆ ಹೋತು” ಎಂದರು. ಹಿಂದೂ ಎಂದೇ ಬರೆದರೆ ಎಂತಾಗುತ್ತದೆ, ಗುಡಿಯ ಭಟ್ಟರೇ ಹೀಗೆ ಬರೆಸಿದರೆ ಹೇಗೆ ಎಂದು ನಾನು ಬೇಡಿಕೊಂಡೆ. “ಬೇರೆಯವ್ರ ಮನೇಲಿ ಹೇಳಿದ್ದು ಹೇಳಿದ ಹಾಂಗೇ ಬರ್ಕಂಡು ಬಂದೆ. ನಾನು ಹೇಳಿದ್ದು ಮಾತ್ರ ತಿದ್ದವಾ?” ಎಂದರು. ಅವರು ಹೇಳಿದಂತೆಯೇ ಬರೆದೆ.

ಆಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. “ನಂದು ಹಿಂದೂ ಹೇಳೇ ಬರಿ” ಎಂದು ನನಗೆ ಹೇಳಿ, ಅಪ್ಪಯ್ಯನ ಕಡೆ ತಿರುಗಿದಳು. “ಇಷ್ಟು ವರ್ಷ ನಿಮ್ಮ ಕೈಯಿಂದ ತೀರ್ಥ ತಗಂಡಿದ್ದೆ. ಅದು ಎಂತ ಹಾಂಗಾರೆ?” ಅಪ್ಪಯ್ಯ ತಲೆ ತಗ್ಗಿಸಿ, “ತೀರ್ಥ ತೀರ್ಥವೇ. ಕೊಟ್ಟ ಕೈಲಿ ಎಂತೂ ಇತ್ತಿಲ್ಲೆ” ಎಂದರು. ಅವಳು ಅಂದು ಊಟ ಮಾಡಲಿಲ್ಲ. ಕೆಲವು ದಿನ ಅಪ್ಪಯ್ಯನ ಮಡಿಪಂಚೆಯನ್ನೂ ತೆಗೆದಿಡಲಿಲ್ಲ. ಅವರೇ ಹುಡುಕಿ ಉಟ್ಟು ಗುಡಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹೊರಡುವಾಗ ಆಯಿ, “ಬಂದವ್ರು ನಂಬಿ ಕೈಮುಗಿತ್ರು. ಅವ್ರಿಗೆ ಇನ್ನು ಮೋಸ ಮಾಡಡಿ” ಎಂದಳು. ಅಷ್ಟೇ. ಸಿಟ್ಟಿನಲ್ಲಿ ಹೇಳಿದ್ದಲ್ಲ.

ಅಂದೇ ಅಪ್ಪಯ್ಯ ಆಡಳಿತ ಮಂಡಳಿಯ ವಿಶ್ವನಾಥಣ್ಣನ ಮನೆಗೆ ಹೋಗಿ, ಯುಗಾದಿಯಿಂದ ಪೂಜೆಗೆ ಬೇರೆಯವರನ್ನು ನೋಡಿ ಎಂದು ಹೇಳಿ ಬಂದರು. ಮೊಣಕಾಲು ನೋವಿರಬೇಕೆಂದು ವಿಶ್ವನಾಥಣ್ಣ ತೈಲದ ಶೀಶೆ ಕೊಟ್ಟು ಕಳುಹಿಸಿದರು. ಸುಳ್ಳು ಹೇಳಿ ಸುಮ್ಮನಿರಬಹುದಿತ್ತು. ಅಪ್ಪಯ್ಯ ಮಾತ್ರ ಮತ್ತೆ ಹೋಗಿ ಆ ಶೀಶೆಯನ್ನು ವಾಪಸು ಕೊಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಈಗ ಕೆಲವರು ದಾರಿಯಲ್ಲಿ ಮುಖ ತಿರುಗಿಸುತ್ತಾರೆ. ಅಪ್ಪಯ್ಯ ಅದಕ್ಕೆ ಬೇಸರ ಮಾಡಿಕೊಂಡಂತಿಲ್ಲ. ನಿನ್ನೆ ಸಂಜೆ ಆಯಿ ದೇವರೆದುರು ದೀಪ ಹಚ್ಚುವಾಗ ಅವರು ಎಂದಿನಂತೆ ಬತ್ತಿ ಹೊಸೆದುಕೊಟ್ಟರು, ಅವಳು ತೆಗೆದುಕೊಂಡಳು.

ಗಣತಿಯಲ್ಲಿ ಬರೆದದ್ದನ್ನು ಯಾರಿಗೂ ಹೇಳಬಾರದೆಂಬ ಕಾಯ್ದೆ ಇದೆ. ಬಂಗಾರಿಯ ಮಾತು ನಿನ್ನಲ್ಲೇ ಇರಲಿ. ಅಪ್ಪಯ್ಯನದನ್ನು ನಿನಗೆ ತಿಳಿಸು ಎಂದು ಅವರೇ ಹೇಳಿದ್ದರಿಂದ ಬರೆದಿದ್ದೇನೆ. ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ವಿಭಾ

ತಾ. ಕ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಪೂಜೆ ನಮ್ಮ ಮನೆಯಿಂದ ತಪ್ಪಬಾರದೆಂದು ಅಪ್ಪಯ್ಯ ನಿನ್ನನ್ನು ಪಾಠಶಾಲೆಗೆ ಸೇರಿಸಿದ್ದರು. ಆಗ ನಿನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದಾರೆ. ನಿನಗೆ ನಂಬಿಕೆ ಇದ್ದರೆ ಯುಗಾದಿಗೆ ಬಂದು ಆರತಿ ಎತ್ತು, ಅವರು ಹೊರಗೆ ನಿಂತು ನೋಡುತ್ತಾರಂತೆ. ಇಲ್ಲದಿದ್ದರೆ ಪಾಠ ಬಿಟ್ಟು ಮನೆಗೆ ಬಾ, ಯಾಕೆಂದು ಯಾರೂ ಕೇಳುವುದಿಲ್ಲ. ಉತ್ತರ ನನಗೆ ಬೇಡ, ಅಪ್ಪಯ್ಯನ ಹೆಸರಿಗೇ ಬರೆ.